ಒಂದೇ ತಾಯಿಮರದ 24 ಸಸಿ, ಒಂದೊಂದು ಒಂದೊಂದು ತರಹ ಯಾಕೆ?

ಪ್ರಶ್ನೆ: ನಮ್ಮದು ಬದಿಯಡ್ಕದ ಹತ್ತಿರ ಒಂದೂವರೆ ಎಕರೆ ಅಡಿಕೆ ತೋಟ. ನನ್ನ ತವರುಮನೆಯಲ್ಲಿ ಒಂದು ಹಳೇ ಅಡಿಕೆ ಮರವಿತ್ತು. ಪ್ರತಿ ವರ್ಷ ನಾಲ್ಕೈದು ಗೊನೆ, ಒಂದೊಂದರಲ್ಲೂ ತುಂಬ ಕಾಯಿ. ಹನ್ನೊಂದು ವರ್ಷದ ಹಿಂದೆ ಅದರ ಬೀಜ ತಂದು 24 ಸಸಿ ಮಾಡಿ ಒಂದೇ ಕಡೆ ನೆಟ್ಟೆ. ಈಗ 9 ಮರ ಚೆನ್ನಾಗಿವೆ, 8 ಸಾಧಾರಣ, 7 ಮರದಲ್ಲಿ ಫಸಲೇ ಇಲ್ಲ ಅನ್ನಬೇಕು. ಆ 7ರಲ್ಲಿ 4 ಮರ ಕೆಳಗಿನ ಮೂಲೆಯಲ್ಲಿವೆ, ಅಲ್ಲಿ ಮಳೆಗಾಲದಲ್ಲಿ ನೀರು ನಿಲ್ಲುತ್ತದೆ. ನರ್ಸರಿಯವರು ಬೀಜದ ದೋಷ ಅನ್ನುತ್ತಾರೆ. ಪಕ್ಕದ ತೋಟದವರು ಎಲ್ಲ ಮಣ್ಣಿನದ್ದು, ಬೀಜದಲ್ಲಿ ಏನೂ ಇಲ್ಲ ಅನ್ನುತ್ತಾರೆ. ಪ್ಲಸ್ ಟು ಓದುವ ಅಣ್ಣನ ಮಗ, "ಅತ್ತೆ, ಜೀನೋಟೈಪ್ ಬೇರೆ, ಫೀನೋಟೈಪ್ ಬೇರೆ" ಅಂದ. ಬಿಡಿಸಿ ಹೇಳು ಅಂದರೆ ಅವನಿಗೂ ಆಗಲಿಲ್ಲ. ಇನ್ನೊಂದು ವಿಷಯ. ಒಂದೇ ಪಣಿಯೂರು-1 ಕಾಳುಮೆಣಸಿನ ಬಳ್ಳಿಯಿಂದ ತುಂಡು ಮಾಡಿ ನಾನೂ ತಂಗಿಯೂ ನೆಟ್ಟಿದ್ದೇವೆ. ಅವಳಲ್ಲಿ ಚೆನ್ನಾಗಿ ಮೆಣಸು ಬರುತ್ತದೆ, ನನ್ನಲ್ಲಿ ಬರೇ ಎಲೆ. ಆ 7 ಮರ ಕಡಿಯಲಾ? ಮುಂದಿನ ಬೀಜ ಯಾವ ಮರದಿಂದ ತೆಗೆಯಲಿ?

ಉತ್ತರ: ಮೊದಲು ಅಣ್ಣನ ಮಗನ ಬೆನ್ನು ತಟ್ಟಿ. ಅವನು ಹೇಳಿದ ಎರಡು ಪದಗಳಲ್ಲೇ ನಿಮ್ಮ ಪ್ರಶ್ನೆಯ ಉತ್ತರ ಇದೆ. ಪಾಠ ಇಂಗ್ಲಿಷಿನಲ್ಲಿ, ಮನೆಮಾತು ಕನ್ನಡ, ತೋಟದ ಕೆಲಸದವರ ಜೊತೆ ತುಳು, ಪೇಟೆಯಲ್ಲಿ ಮಲಯಾಳ. ಇಷ್ಟರ ನಡುವೆ ಪುಸ್ತಕದ ಒಂದು ಪದವನ್ನು ಅಡಿಕೆ ಮರದ ಬುಡಕ್ಕೆ ತರುವುದು ಆ ಹುಡುಗನಿಗೆ ಸುಲಭ ಅಲ್ಲ. ನಾನು ಬಹಳ ವರ್ಷ ತೋಟದ ಬೆಳೆಗಳ ತಳಿ ಕೆಲಸದಲ್ಲಿದ್ದವನು. ಕುಂಬಳೆ, ಪೆರ್ಲ, ಮುಳ್ಳೇರಿಯ ಕಡೆಯ ಎಷ್ಟೋ ಕೃಷಿಕರು ಇದೇ ಪ್ರಶ್ನೆಯನ್ನು ಕೇಳಿದ್ದಾರೆ. ಹಾಗಾಗಿ ಸ್ವಲ್ಪ ಉದ್ದವಾದರೂ ಬುಡದಿಂದಲೇ ಹೇಳುತ್ತೇನೆ.

ಜೀನೋಟೈಪ್ ಅಂದರೆ ಮರದ ಒಳಗಿನ ಬರಹ. ಅರ್ಧ ತಾಯಿಯಿಂದ, ಅರ್ಧ ತಂದೆಯಿಂದ ಬಂದ ಜೀನುಗಳು. ಹೆಣ್ಣು ಹೂವಿಗೆ ಪರಾಗ ಸೇರಿ ಬೀಜ ಕಟ್ಟುವಾಗಲೇ ಅದು ತೀರ್ಮಾನವಾಗಿಬಿಡುತ್ತದೆ. ಆಮೇಲೆ ನೀವು ಎಷ್ಟು ಹಟ್ಟಿಗೊಬ್ಬರ ಹಾಕಿದರೂ ಆ ಬರಹ ಬದಲಾಗುವುದಿಲ್ಲ. ಫೀನೋಟೈಪ್ ಅಂದರೆ ಹೊರಗೆ ಕಾಣುವುದು, ಎಣಿಸಲು ಅಳೆಯಲು ಸಿಗುವುದು. ಮರದ ಎತ್ತರ, ಗೊನೆಯ ಸಂಖ್ಯೆ, ಕಾಯಿಯ ತೂಕ, ಸೋಗೆಯ ಬಣ್ಣ, ರೋಗ ತಡೆಯುವ ಶಕ್ತಿ ಎಲ್ಲ ಇದರಲ್ಲೇ ಬರುತ್ತವೆ. ಒಳಗಿನ ಬರಹವೂ ಮಣ್ಣು, ನೀರು, ಬಿಸಿಲು, ಆರೈಕೆಯೂ ಸೇರಿ ಈ ಹೊರರೂಪ ಆಗುತ್ತದೆ.

ನಮ್ಮದು ಯಕ್ಷಗಾನದ ಸೀಮೆ, ಅಲ್ವಾ? ಅದರಲ್ಲೇ ಹೇಳಿದರೆ ಬೇಗ ಮನಸ್ಸಿಗೆ ಬರುತ್ತದೆ. ಪ್ರಸಂಗ ಪುಸ್ತಕದಲ್ಲಿ ಪದ್ಯಗಳು ಮಾತ್ರ ಇರುತ್ತವೆ. ರಾತ್ರಿ ರಂಗದಲ್ಲಿ ನಾವು ನೋಡುವುದು ಆಟ. ಭಾಗವತರ ಸ್ವರ, ಚೆಂಡೆಯ ಪೆಟ್ಟು, ವೇಷಧಾರಿ ಅಲ್ಲೇ ಕಟ್ಟಿ ಹೇಳುವ ಅರ್ಥ ಎಲ್ಲ ಸೇರಿದರೆ ಆಟ. ಒಂದೇ ಪ್ರಸಂಗವನ್ನು ಎರಡು ಮೇಳದವರು ಆಡಿದರೆ ಎರಡು ಬೇರೆ ಆಟಗಳಾಗುತ್ತವೆ. ಹಾಗಂತ ಪುಸ್ತಕದಲ್ಲಿ ಇಲ್ಲದ ಕಥೆಯನ್ನು ಯಾವ ಮೇಳವೂ ಆಡುವುದಿಲ್ಲ. ಇನ್ನೂ ಒಂದು ಮಾತು ಇದೆ, ಅದೇ ನಮಗೆ ಮುಖ್ಯ. ಹೊತ್ತು ಸಾಲದೆ ಭಾಗವತರು ಕೆಲವು ಪದ್ಯ ಬಿಟ್ಟುಬಿಡುತ್ತಾರೆ. ಆಟ ಮಾತ್ರ ನೋಡಿದವರಿಗೆ ಆ ಪದ್ಯ ಇದೆ ಎಂದೇ ಗೊತ್ತಾಗುವುದಿಲ್ಲ. ಪುಸ್ತಕದಲ್ಲಿ ಅದು ಹಾಗೇ ಇರುತ್ತದೆ. ಮುಂದಿನ ಊರಿನಲ್ಲಿ ಬೇರೆ ಭಾಗವತರು ಅದನ್ನು ಎತ್ತಿ ಹಾಡಬಹುದು. ನೀವು ತವರುಮನೆಯಲ್ಲಿ ನೋಡಿದ್ದು ಆಟವನ್ನು. ಬೀಜದಲ್ಲಿ ಕಟ್ಟಿ ತಂದದ್ದು ಪುಸ್ತಕವನ್ನು, ಅದೂ ಅರ್ಧ ಮಾತ್ರ.

ಈ ಎರಡು ಪದಗಳನ್ನು 1909ರಲ್ಲಿ ಬಳಕೆಗೆ ತಂದವರು ಡೆನ್ಮಾರ್ಕಿನ ಸಸ್ಯವಿಜ್ಞಾನಿ ವಿಲ್ಹೆಲ್ಮ್ ಯೊಹಾನ್ಸೆನ್. 'ಜೀನ್' ಎಂಬ ಪದವೂ ಅವರದ್ದೇ. ಅವರು ಕೆಲಸ ಮಾಡಿದ್ದು ಬೀನ್ಸ್ ಬೀಜದ ಮೇಲೆ. ಬೀನ್ಸ್ ಹೆಚ್ಚಾಗಿ ತನ್ನ ಹೂವಿನ ಪರಾಗದಿಂದಲೇ ಕಾಯಿ ಕಟ್ಟುವ ಗಿಡ. ಹಾಗಾಗಿ ಒಂದು ಬೀಜದಿಂದ ಶುರುಮಾಡಿ ಬೆಳೆಸುತ್ತಾ ಹೋದರೆ ಆ ಸಂತಾನದಲ್ಲಿ ಒಳಗಿನ ಬರಹ ಒಂದೇ ಆಗಿರುತ್ತದೆ. ಅವರ ಹತ್ತಿರ ಇಂಥ 19 ವಂಶಗಳಿದ್ದವು. ಒಂದು ವಂಶದಲ್ಲಿ ಬೀಜದ ತೂಕ ಸರಾಸರಿ 640 ಮಿಲಿಗ್ರಾಂ, ಇನ್ನೊಂದರಲ್ಲಿ 350. ದಪ್ಪ ಬೀಜದ ವಂಶ ಯಾವಾಗಲೂ ದಪ್ಪವೇ, ಸಣ್ಣದು ಸಣ್ಣದೇ. ಇದರಲ್ಲಿ ಆಶ್ಚರ್ಯ ಏನಿಲ್ಲ.

ಆಶ್ಚರ್ಯ ಇರುವುದು ಒಂದು ವಂಶದ ಒಳಗೆ. 13ನೇ ವಂಶದ ಸರಾಸರಿ 450 ಮಿಲಿಗ್ರಾಂ. ಅದರಲ್ಲೂ 200 ಮಿಲಿಗ್ರಾಂನ ಸಣಕಲು ಬೀಜ ಇತ್ತು, 500ರ ದಪ್ಪ ಬೀಜವೂ ಇತ್ತು. ಅವನ್ನು ಬೇರೆ ಬೇರೆ ಬಿತ್ತಿ ನೋಡಿದರು. ಸಣಕಲು ಬೀಜದ ಮಕ್ಕಳ ಸರಾಸರಿ ತೂಕ 475 ಬಂತು. ದಪ್ಪ ಬೀಜದ ಮಕ್ಕಳದ್ದು 458. ಅಂದರೆ ದಪ್ಪ ಬೀಜವನ್ನೇ ಆರಿಸಿ ಬಿತ್ತಿದ್ದರಿಂದ ಏನೂ ಲಾಭ ಆಗಲಿಲ್ಲ. ಆ ದಪ್ಪ, ಸಣ್ಣ ಎಲ್ಲ ಗಿಡದಲ್ಲಿ ಕಾಯಿ ಇದ್ದ ಜಾಗ, ಸಿಕ್ಕಿದ ಸಾರ, ಬಿಸಿಲು ಇವುಗಳಿಂದ ಬಂದದ್ದು. ಬರಹದಲ್ಲಿ ವ್ಯತ್ಯಾಸ ಇರಲಿಲ್ಲ. ಬರಹದಲ್ಲಿ ಇಲ್ಲದ್ದು ಮಕ್ಕಳಿಗೆ ದಾಟಲಿಲ್ಲ. ಇದನ್ನು ನೋಡಿದ ಮೇಲೆಯೇ ಅವರಿಗೆ ಒಳಗಿನದಕ್ಕೆ ಒಂದು ಹೆಸರು, ಹೊರಗಿನದಕ್ಕೆ ಇನ್ನೊಂದು ಹೆಸರು ಬೇಕಾಯಿತು.

ನಿಮ್ಮ ಪಣಿಯೂರು ಬಳ್ಳಿಯದ್ದು ಇದೇ ಕಥೆ. ಕಣ್ಣೂರು ಜಿಲ್ಲೆಯ ಪಣಿಯೂರಿನ ಸಂಶೋಧನಾ ಕೇಂದ್ರದಲ್ಲಿ ಉದಿರನ್‌ಕೊಟ್ಟ ಮತ್ತು ಚೆರಿಯಕಣಿಯಕ್ಕಾಡನ್ ಎಂಬ ಎರಡು ನಾಡತಳಿಗಳನ್ನು ಕೂಡಿಸಿ ಮಾಡಿದ ಮಿಶ್ರತಳಿ ಅದು. 1971ರಲ್ಲಿ ಕೃಷಿಕರ ಕೈಗೆ ಬಂತು. ನಾವು ಅದನ್ನು ಬೀಜದಿಂದ ಬೆಳೆಸುವುದಿಲ್ಲ, ಬಳ್ಳಿಯ ತುಂಡಿನಿಂದ ಬೆಳೆಸುತ್ತೇವೆ. ತುಂಡು ಅಂದರೆ ಅದೇ ಗಿಡದ ಅಂಗ. ಅಲ್ಲಿ ತಂದೆಯೂ ಇಲ್ಲ, ಹೊಸ ಮಿಶ್ರಣವೂ ಇಲ್ಲ. ನಿಮ್ಮ ಬಳ್ಳಿಯ ಬರಹ, ತಂಗಿಯ ಬಳ್ಳಿಯ ಬರಹ ಎರಡೂ ಒಂದೇ. ಹೀಗಿರುವಾಗ ಫಸಲಿನಲ್ಲಿ ವ್ಯತ್ಯಾಸ ಇದ್ದರೆ ಅದು ಪೂರ್ತಿ ಜಾಗದ್ದು, ಆರೈಕೆಯದ್ದು. ಪಣಿಯೂರು-1 ಹೆಚ್ಚು ನೆರಳಿಗೆ ಹೇಳಿದ ತಳಿ ಅಲ್ಲ. ನಿಮ್ಮ ತೋಟ ಇಕ್ಕಟ್ಟಾಗಿದ್ದು, ಮೇಲಿನಿಂದ ಹಲಸು, ಮಾವಿನ ಗೆಲ್ಲುಗಳು ಮುಚ್ಚಿಕೊಂಡಿದ್ದರೆ ಅದು ಎಲೆ ಬಿಟ್ಟುಕೊಂಡು ಸುಮ್ನೆ ಕೂರುತ್ತದೆ. ತಂಗಿಯ ಮನೆಯ ಬಳ್ಳಿಗೆ ಬೆಳಕು ಜಾಸ್ತಿ ಇರಬೇಕು, ಹೋಗಿ ನೋಡಿ. ಮಳೆ ಶುರುವಾಗುವ ಮೊದಲು ಗೆಲ್ಲು ಸವರಿ ಬೆಳಕು ಬಿಡಿ. ಬಳ್ಳಿ ಕಿತ್ತು ಬೇರೆ ಕಡೆಯಿಂದ ಅದೇ ಪಣಿಯೂರು ತರುವುದರಲ್ಲಿ ಅರ್ಥ ಇಲ್ಲ.

ಅಡಿಕೆಗೆ ಬರೋಣ. ಅದು ಬೀನ್ಸ್ ತರಹವೂ ಅಲ್ಲ, ಮೆಣಸಿನ ಬಳ್ಳಿ ತರಹವೂ ಅಲ್ಲ. ಅಡಿಕೆಯ ಒಂದು ಹಿಂಗಾರವನ್ನು ಗಮನಿಸಿ ನೋಡಿದ್ದೀರಾ? ಮೊದಲು ಅರಳುವುದು ಎಸಳುಗಳ ಉದ್ದಕ್ಕೆ ಇರುವ ಸಣ್ಣ ಗಂಡು ಹೂಗಳು. ಅವು ವಾರಗಟ್ಟಲೆ ಅರಳಿ ಉದುರುತ್ತವೆ. ಎಸಳಿನ ಬುಡದಲ್ಲಿರುವ ಹೆಣ್ಣು ಹೂಗಳು ತಯಾರಾಗುವ ಹೊತ್ತಿಗೆ ಆ ಹಿಂಗಾರದ ಗಂಡು ಹೂಗಳು ಹೆಚ್ಚಾಗಿ ಮುಗಿದಿರುತ್ತವೆ. ಆಗ ಗಾಳಿಯಲ್ಲಿ ಬರುವ ಬೇರೆ ಮರದ ಪರಾಗವೇ ಗತಿ. ಯಾವ ಮರ? ಯಾರಿಗೂ ಗೊತ್ತಿಲ್ಲ. ಪಕ್ಕದ ಮರ ಇರಬಹುದು, ಅಗಳಿನ ಆಚೆ ಇರುವ ಬೇರೆಯವರ ಮರ ಇರಬಹುದು. ಒಂದೇ ಗೊನೆಯ ಎರಡು ಕಾಯಿಗೆ ಎರಡು ಬೇರೆ ತಂದೆ ಇರಬಹುದು.

ಹಾಗಾಗಿ ನಿಮ್ಮ 24 ಮರಗಳಿಗೆ ತಾಯಿ ಒಬ್ಬಳೇ, ತಂದೆಯರು ಎಷ್ಟೋ. ತಾಯಿಯ ಕಡೆಯಿಂದಲೂ ಎಲ್ಲರಿಗೂ ಒಂದೇ ಪಾಲು ಬಂದಿಲ್ಲ. ತಾಯಿಯ ಜೀನುಗಳು ಜೋಡಿಯಾಗಿ ಇರುತ್ತವೆ. ಒಂದೊಂದು ಜೋಡಿಯಿಂದ ಒಂದು ಮಾತ್ರ ಮಗುವಿಗೆ ಹೋಗುತ್ತದೆ. ಯಾವುದು ಎಂಬುದು ಕವಡೆ ಹಾಕಿದ ಹಾಗೆ. ಫಸಲಿನಂಥ ಗುಣಕ್ಕೆ ಒಂದು ಜೀನ್ ಸಾಕಾಗುವುದಿಲ್ಲ, ತುಂಬ ಜೀನುಗಳು ಸ್ವಲ್ಪ ಸ್ವಲ್ಪ ಕೈಜೋಡಿಸುತ್ತವೆ. ಅಷ್ಟೂ ಒಳ್ಳೆಯ ಪಾಲು ಒಂದೇ ಸಸಿಗೆ ಬರುವುದು ಅಪರೂಪ. ಒಂದೇ ಮನೆಯ ಅಕ್ಕ ತಂಗಿಯರು ಒಬ್ಬರ ಹಾಗೆ ಒಬ್ಬರು ಇರುವುದಿಲ್ಲವಲ್ಲ, ಇದೂ ಹಾಗೆಯೇ.

ಮಂಗಳ ತಳಿಯಲ್ಲಿ ಇದೇ ತೊಂದರೆ ಕಂಡವರು ಬಹಳ ಜನ ಇದ್ದಾರೆ. ಚೀನಾದಿಂದ ತಂದ ಅಡಿಕೆಯಿಂದ ಆರಿಸಿ 1972ರಲ್ಲಿ ಬಿಡುಗಡೆ ಮಾಡಿದ ತಳಿ ಅದು. ಬೇಗ ಫಸಲಿಗೆ ಬರುತ್ತದೆ ಎಂದು ಹೆಸರಾಯಿತು. ನಾಲ್ಕು ಮಂಗಳ ಮರವನ್ನು ಊರ ಅಡಿಕೆಯ ನಡುವೆ ನೆಟ್ಟು, ಅದರ ಬೀಜವನ್ನು ಮಂಗಳ ಎಂದೇ ಮಾರಿದರೆ, ಒಳಗಿರುವುದು ಅರ್ಧ ಮಂಗಳ, ಅರ್ಧ ಊರ ಅಡಿಕೆ. ಅದರ ಮುಂದಿನ ತಲೆಮಾರು ಇನ್ನಷ್ಟು ಕಲಸಿಹೋಗುತ್ತದೆ.

ಒಳಗೆ ಒಂದು, ಹೊರಗೆ ಒಂದು ಎಂಬುದನ್ನು ಕಣ್ಣಾರೆ ನೋಡಬೇಕು ಅನಿಸಿದರೆ ಗೆಂದಾಳಿ, ಅಂದರೆ ಕಿತ್ತಳೆ ಬಣ್ಣದ ಕಾಯಿ ಬಿಡುವ ತೆಂಗಿನ ಸಸಿ ಮಡಿಗೆ ಹೋಗಿ. ನನಗೆ ಇಷ್ಟು ವರ್ಷದ ಕೆಲಸದಲ್ಲಿ ಇದಕ್ಕಿಂತ ಚಂದದ ಪಾಠ ಸಿಕ್ಕಿಲ್ಲ. ಕಾಸರಗೋಡಿನ ಹತ್ತಿರದ ನಮ್ಮ ಕೂಡ್ಲಿನಲ್ಲಿ 1916ರಿಂದ ತೆಂಗಿನ ಸಂಶೋಧನೆ ನಡೆಯುತ್ತಿದೆ. 1970ರಿಂದ ಅದು ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆ. ಉದ್ದ ತೆಂಗಿಗೂ ಗಿಡ್ಡ ತೆಂಗಿಗೂ ಕೂಡಿಸಿ ಮಿಶ್ರತಳಿ ಮಾಡುವ ಕೆಲಸ ಮೊದಲು ನಡೆದದ್ದೂ ನಮ್ಮ ಜಿಲ್ಲೆಯ ನೀಲೇಶ್ವರದಲ್ಲಿ, 1932ರಲ್ಲಿ. ಚಂದ್ರಸಂಕರ ಎಂಬ ತಳಿಯ ಹೆಸರು ನೀವು ಕೇಳಿರುತ್ತೀರಿ. ಅದರ ತಾಯಿ ಚಾವಕ್ಕಾಡಿನ ಕಿತ್ತಳೆ ಬಣ್ಣದ ಗಿಡ್ಡ ತೆಂಗು, ತಂದೆ ನಮ್ಮ ಪಶ್ಚಿಮ ಕರಾವಳಿಯ ಉದ್ದ ತೆಂಗು.

ಆ ಕಿತ್ತಳೆ ಗಿಡ್ಡ ಮರದ ಗೊನೆ ನೋಡಿ. ಎಲ್ಲ ಕಾಯಿಯೂ ಹೊಳೆಯುವ ಕಿತ್ತಳೆ ಬಣ್ಣ. ಅದರಲ್ಲಿ ಕೆಲವು ಕಾಯಿ ಸ್ವಂತ ಪರಾಗದಿಂದ ಕಟ್ಟಿದವು, ಕೆಲವು ಉದ್ದ ತೆಂಗಿನ ಪರಾಗದಿಂದ ಕಟ್ಟಿದವು. ಹೊರಗಿನಿಂದ ನೋಡಿದರೆ ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸ ಇಲ್ಲ. ಯಾಕೆ? ಸಿಪ್ಪೆ, ನಾರು, ಚಿಪ್ಪು ಎಲ್ಲ ತಾಯಿಯ ಮೈ. ಮಗು ಇರುವುದು ಒಳಗೆ, ಕಣ್ಣಿನ ಕೆಳಗೆ, ಬೆರಳ ತುದಿಯಷ್ಟು. ಕಾಯಿಯ ಬಣ್ಣ ನೋಡಿ ನಾವು ಮೆಚ್ಚುವುದು ತಾಯಿಯನ್ನು. ಮಗುವಿನ ಬಗ್ಗೆ ಆ ಬಣ್ಣ ಏನೂ ಹೇಳುವುದಿಲ್ಲ.

ಕಾಯಿಯನ್ನು ಮಡಿಯಲ್ಲಿ ಇಟ್ಟು ಮೊಳಕೆ ಬಂದ ಮೇಲೆ ಗುಟ್ಟು ರಟ್ಟಾಗುತ್ತದೆ. ಸ್ವಂತ ಪರಾಗದ ಸಸಿಯ ಎಲೆದಂಟು ಕಿತ್ತಳೆ ಬಣ್ಣ. ಉದ್ದ ತೆಂಗಿನ ಪರಾಗ ಸೇರಿದ ಸಸಿಯ ದಂಟು ಕಂದು, ಹಸಿರುಗಂದು. ಕೆಲಸದವರು ಮಡಿಯ ಉದ್ದಕ್ಕೆ ನಡೆಯುತ್ತಾ ಕಿತ್ತಳೆ ದಂಟಿನವನ್ನು ಬೇರೆ ಮಾಡುತ್ತಾರೆ, ಕಂದು ದಂಟಿನವನ್ನು ಮಿಶ್ರತಳಿ ಎಂದು ಉಳಿಸುತ್ತಾರೆ. ಇಲ್ಲಿ ಹೊರರೂಪವೇ ಒಳಗಿನ ಬರಹವನ್ನು ಓದಿ ಹೇಳುತ್ತದೆ. ಬಣ್ಣದಂಥ ಗುಣಕ್ಕೆ ಜೀನುಗಳು ಕಡಿಮೆ, ಮಣ್ಣು ಗೊಬ್ಬರದ ಕೈವಾಡವೂ ಕಡಿಮೆ. ಹಾಗಾಗಿ ಕಣ್ಣನ್ನು ನಂಬಬಹುದು. ಫಸಲಿನ ವಿಷಯದಲ್ಲಿ ಅಷ್ಟು ಸುಲಭವಾಗಿ ನಂಬಲು ಆಗುವುದಿಲ್ಲ. ಎಲ್ಲಿ ಕಣ್ಣನ್ನು ನಂಬಬೇಕು, ಎಲ್ಲಿ ನಂಬಬಾರದು ಎಂದು ತಿಳಿಯುವುದೇ ತಳಿ ಕೆಲಸದಲ್ಲಿ ಅರ್ಧ ವಿದ್ಯೆ.

ಬಣ್ಣ, ಎತ್ತರದಂಥ ಸರಳ ಗುಣದಲ್ಲೂ ಬರಹ ಅಡಗಿ ಕೂರುವುದು ಉಂಟು. ಗ್ರೆಗರ್ ಮೆಂಡೆಲ್ 1866ರಲ್ಲಿ ಪ್ರಕಟಿಸಿದ ಬಟಾಣಿ ಪ್ರಯೋಗದಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಉದ್ದ ಗಿಡಕ್ಕೂ ಗಿಡ್ಡ ಗಿಡಕ್ಕೂ ಕೂಡಿಸಿದಾಗ ಮೊದಲ ತಲೆಮಾರು ಪೂರ್ತಿ ಉದ್ದ. ಎರಡನೆಯದರಲ್ಲಿ ಉದ್ದದ್ದು 787, ಗಿಡ್ಡದ್ದು 277. ಇದನ್ನು ಶಾಲೆಯಲ್ಲಿ ಎಲ್ಲರೂ ಓದಿದ್ದೇವೆ. ಆಮೇಲೆ ಅವರು ಮಾಡಿದ ಕೆಲಸ ಹೆಚ್ಚು ಜನರಿಗೆ ನೆನಪಿಲ್ಲ. ಆ ಉದ್ದ ಗಿಡಗಳಲ್ಲಿ 100ನ್ನು ತೆಗೆದು, ಒಂದೊಂದರ ಬೀಜವನ್ನೂ ಬೇರೆ ಬೇರೆ ಬಿತ್ತಿದರು. 28 ಗಿಡಗಳ ಮಕ್ಕಳು ಎಲ್ಲ ಉದ್ದ. ಉಳಿದ 72 ಗಿಡಗಳ ಮಕ್ಕಳಲ್ಲಿ ಗಿಡ್ಡವೂ ಬಂದವು. ನೂರು ಗಿಡವೂ ನೋಡಲು ಒಂದೇ, ಉದ್ದವೇ. ಯಾವುದರ ಒಳಗೆ ಗಿಡ್ಡದ ಜೀನ್ ಅಡಗಿದೆ ಎಂದು ಗಿಡ ನೋಡಿ ಹೇಳಲು ಅವರಿಗೂ ಆಗಲಿಲ್ಲ. ಮಕ್ಕಳನ್ನು ಬೆಳೆಸಿ ನೋಡಿದ ಮೇಲೆಯೇ ಗೊತ್ತಾಯಿತು. ಭಾಗವತರು ಬಿಟ್ಟ ಪದ್ಯ ಎಂದು ನಾನು ಹೇಳಿದ್ದು ಇದನ್ನೇ.

ಈಗ ನಾನು ನಿಮಗೆ ಒಂದು ಪ್ರಶ್ನೆ ಕೇಳಬೇಕು. ತವರುಮನೆಯ ಆ ಮರ ಎಲ್ಲಿತ್ತು? ಬಚ್ಚಲು ನೀರು ಹೋಗುವ ದಾರಿಯಲ್ಲಿತ್ತಾ? ಹಟ್ಟಿಯ ಹಿಂದೆ, ಗೊಬ್ಬರದ ಗುಂಡಿಯ ಪಕ್ಕ ಇತ್ತಾ? ನನ್ನ ಅಜ್ಜನ ಮನೆಯಲ್ಲಿ ಬಚ್ಚಲಿನ ಹಿಂದೆ ಒಂದು ತೆಂಗಿನ ಮರ ಇತ್ತು. ಬೇಸಗೆಯಲ್ಲೂ ಅದರ ಬುಡ ಒಣಗುತ್ತಿರಲಿಲ್ಲ. ಒಲೆಯ ಬೂದಿ ಪೂರ್ತಿ ಅದರ ಬುಡಕ್ಕೇ. ಅದರ ಗೊನೆ ನೋಡಿದ ನೆಂಟರೆಲ್ಲ ಬೀಜದ ಕಾಯಿ ಕೇಳಿ ಒಯ್ಯುತ್ತಿದ್ದರು. ಅವರ ಗುಡ್ಡೆಯ ಮುರಕಲ್ಲು ಮಣ್ಣಿನಲ್ಲಿ ಒಂದು ಮರವೂ ಹಾಗೆ ಕಾಯಿ ಬಿಡಲಿಲ್ಲ. ಅಜ್ಜನಿಗೆ ಅದು ಕೊನೆಯವರೆಗೂ ಬೇಸರದ ವಿಷಯವಾಗಿತ್ತು, ಕೊಟ್ಟ ಬೀಜ ಕೈಕೊಟ್ಟಿತು ಎಂದು. ಬೀಜ ಕೈಕೊಟ್ಟಿರಲಿಲ್ಲ. ಬಚ್ಚಲ ನೀರು ಬೀಜದ ಜೊತೆ ಹೋಗಿರಲಿಲ್ಲ, ಅಷ್ಟೇ. ತಾಯಿಮರ ಆರಿಸುವಾಗ ಮನೆ, ಹಟ್ಟಿ, ಗೊಬ್ಬರಗುಂಡಿಯ ಪಕ್ಕದ ಮರ ಬಿಡಿ ಎಂದು ಇವತ್ತಿಗೂ ಹೇಳುವುದು ಇದೇ ಕಾರಣಕ್ಕೆ.

ಸ್ವಲ್ಪ ಲೆಕ್ಕ ಮಾಡೋಣ. ಸಂಖ್ಯೆಗಳು ಬರೇ ಉದಾಹರಣೆಗೆ. ಒಂದು ತೋಟದ ಸರಾಸರಿ ಮರಕ್ಕೆ 250 ಅಡಿಕೆ ಎಂದುಕೊಳ್ಳಿ. ತಾಯಿಮರದಲ್ಲಿ 650. ಸರಾಸರಿಗಿಂತ 400 ಜಾಸ್ತಿ. ಈ 400ರಲ್ಲಿ ಎಷ್ಟು ಪಾಲು ಮಕ್ಕಳಿಗೆ ದಾಟುವಂಥದ್ದು? ಕಾಲು ಭಾಗ ಎಂದು ಇಟ್ಟುಕೊಳ್ಳೋಣ. ಉಳಿದ ಮುಕ್ಕಾಲು ಒಳ್ಳೆ ಜಾಗ, ನೀರು, ಆ ವರ್ಷದ ಅದೃಷ್ಟ. ಹಾಗಾದರೆ ದಾಟುವುದು 100. ತಾಯಿ ಕೊಡುವುದು ಅರ್ಧ ಬರಹ ಮಾತ್ರ. ಗಾಳಿಯಲ್ಲಿ ಬಂದ ತಂದೆ ಸಾಧಾರಣ ಮರ. ಹಾಗಾಗಿ 100ರಲ್ಲಿ ಅರ್ಧ, 50. ಮಕ್ಕಳ ಸರಾಸರಿ 300 ಆಗುತ್ತದೆ. 650 ನೋಡಿ ಬೀಜ ತಂದವರಿಗೆ 300 ಬಂದರೆ ಮೋಸ ಆಯಿತು ಅನಿಸುತ್ತದೆ. ಆದರೆ 250ರಿಂದ 300ಕ್ಕೆ ಹೋದದ್ದು ಸಣ್ಣ ಲಾಭ ಅಲ್ಲ, ಒಂದು ಮರದ ಆಯುಷ್ಯಪೂರ್ತಿ ಬರುವ ಲಾಭ ಅದು. ಆ ದಾಟುವ ಪಾಲಿಗೆ ತಳಿ ಕೆಲಸದವರು ಒಂದು ಹೆಸರು ಇಟ್ಟಿದ್ದಾರೆ, ಹೆರಿಟಬಿಲಿಟಿ ಎಂದು. ಅಣ್ಣನ ಮಗನಿಗೆ ಮುಂದೆ ಕಾಲೇಜಿನಲ್ಲಿ ಸಿಗುತ್ತದೆ.

ಇಲ್ಲಿ ನರ್ಸರಿಯವರ ಮಾತಿಗೂ ಪಕ್ಕದ ತೋಟದವರ ಮಾತಿಗೂ ಉತ್ತರ ಹೇಳಿಬಿಡುತ್ತೇನೆ. ಒಂದೇ ಮರವನ್ನು ತೋರಿಸಿ, ಇದರ ಫಸಲಿನಲ್ಲಿ ಬೀಜದ್ದು ಎಷ್ಟು, ಮಣ್ಣಿನದ್ದು ಎಷ್ಟು ಎಂದು ಕೇಳಿದರೆ ಆ ಪ್ರಶ್ನೆಗೆ ಅರ್ಥವೇ ಇಲ್ಲ. ಬೀಜ ಇಲ್ಲದಿದ್ದರೆ ಮರ ಇಲ್ಲ, ಮಣ್ಣು ಇಲ್ಲದಿದ್ದರೂ ಮರ ಇಲ್ಲ. ಚೆಂಡೆಯ ಸದ್ದಿನಲ್ಲಿ ಕೋಲಿನದ್ದು ಎಷ್ಟು, ಚರ್ಮದ್ದು ಎಷ್ಟು ಎಂದು ಕೇಳಿದ ಹಾಗೆ. ಎರಡು ಮರಗಳ ನಡುವಿನ ವ್ಯತ್ಯಾಸ ಯಾವುದರಿಂದ ಬಂತು ಎಂದು ಕೇಳಬಹುದು. ಅದಕ್ಕೆ ಉತ್ತರ ಇದೆ, ಹುಡುಕುವ ದಾರಿಯೂ ಇದೆ.

ಒಂದು ಉದಾಹರಣೆ. ತುಮಕೂರು ಜಿಲ್ಲೆಯ ಹಿರೇಹಳ್ಳಿಯಲ್ಲಿ ಸಿಕ್ಕಿದ ಗಿಡ್ಡ ಅಡಿಕೆ ಇದೆ. ಅದರ ಗಿಡ್ಡತನ ಬರಹದಲ್ಲೇ ಇರುವುದು. ಎಂಥ ಒಳ್ಳೆ ಬೈಲಿನಲ್ಲಿ ನೆಟ್ಟರೂ ಅದು ಗಿಡ್ಡವೇ. ಅದಕ್ಕೇ ವಿಟ್ಲದ ಸಂಶೋಧನಾ ಕೇಂದ್ರದಲ್ಲಿ ಅದನ್ನು ಸುಮಂಗಳ, ಮೋಹಿತ್‌ನಗರ ತಳಿಗಳ ಜೊತೆ ಕೂಡಿಸಿ ಹತ್ತಲು ಸುಲಭವಾದ ಮಿಶ್ರತಳಿಗಳನ್ನು ಮಾಡಿದ್ದಾರೆ. ಇನ್ನು ನಿಮ್ಮ ಕೆಳಗಿನ ಮೂಲೆಯ ಮರಗಳು. ನೀರು ನಿಂತು ಬೇರಿಗೆ ಗಾಳಿ ಸಿಗದೆ ಅವೂ ಕುಳ್ಳಾಗಿರಬಹುದು, ಗಂಟುಗಳು ಒತ್ತೊತ್ತಾಗಿರಬಹುದು. ನೋಡುವವರಿಗೆ ಎರಡೂ ಗಿಡ್ಡ ಮರ. ಮೊದಲನೆಯದರ ಬೀಜ ಒಳ್ಳೆ ಜಾಗದಲ್ಲಿ ಹಾಕಿದರೆ ಗಿಡ್ಡತನ ಮಕ್ಕಳಲ್ಲೂ ಕಾಣುತ್ತದೆ. ಎರಡನೆಯದರ ಬೀಜ ಒಳ್ಳೆ ಜಾಗದಲ್ಲಿ ಹಾಕಿದರೆ ಉದ್ದಕ್ಕೆ ಬೆಳೆಯುತ್ತದೆ.

ತೋಟ ಬಿಟ್ಟು ಒಂದು ಮಾತು ಹೇಳಲೇಬೇಕು, ಯಾಕೆಂದರೆ ಮನುಷ್ಯರಲ್ಲೂ ಇದೇ ನಿಯಮ. ಜಿ6ಪಿಡಿ ಎಂಬ ಕಿಣ್ವ ಕಡಿಮೆ ಇರುವವರು ಇರುತ್ತಾರೆ. ಅದು ಹುಟ್ಟಿನಿಂದ, ಜೀನಿನಿಂದ ಬಂದದ್ದು. ಹೆಚ್ಚಿನವರು ಪೂರ್ತಿ ಆರೋಗ್ಯವಾಗಿಯೇ ಇರುತ್ತಾರೆ, ತಮಗೆ ಅದು ಇದೆ ಎಂದೇ ಗೊತ್ತಿರುವುದಿಲ್ಲ. ಮಲೇರಿಯಾ ಬಂದು ಪ್ರಿಮಾಕ್ವಿನ್ ಮಾತ್ರೆ ತಿಂದಾಗ ಕೆಂಪು ರಕ್ತಕಣಗಳು ಒಡೆಯತೊಡಗುತ್ತವೆ. ಬರಹ ಮೊದಲಿಂದಲೂ ಅಲ್ಲೇ ಇತ್ತು, ಅದನ್ನು ಹೊರಗೆ ಕರೆದದ್ದು ಮಾತ್ರೆ. ಹೀಗಿರುವಾಗ ಒಬ್ಬ ಮನುಷ್ಯನ ಹೊರರೂಪ ನೋಡಿ ಅವನ ವಂಶದ ಬಗ್ಗೆ ಸಲೀಸಾಗಿ ತೀರ್ಪು ಕೊಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಮರದ ವಿಷಯದಲ್ಲೇ ನಾವು ಅಷ್ಟು ಧೈರ್ಯ ಮಾಡುವುದಿಲ್ಲ.

ಇನ್ನು ಬೀಜದ ವಿಷಯ. ತೆಂಗಿನ ತಳಿ ಕೆಲಸದಲ್ಲಿ ಒಂದು ಹಳೆಯ ಕ್ರಮ ಇದೆ. ಚೆನ್ನಾಗಿ ಕಾಯಿ ಬಿಡುವ ಹಲವು ಮರಗಳ ಸಸಿಗಳನ್ನು ಪಕ್ಕ ಪಕ್ಕ ಬೆಳೆಸುತ್ತಾರೆ. ಕೆಲವು ಮರಗಳ ಮಕ್ಕಳು, ತಂದೆ ಯಾರೇ ಇರಲಿ, ಸರಾಸರಿಯಲ್ಲಿ ಚೆನ್ನಾಗಿ ಬರುತ್ತವೆ. ಅಂಥ ಮರವನ್ನು ಬೇರೆಯಾಗಿ ಗುರುತಿಸಿ ಇಟ್ಟುಕೊಳ್ಳುತ್ತಾರೆ. ಅಷ್ಟೇ ಕಾಯಿ ಬಿಡುವ ಇನ್ನೊಂದು ಮರದ ಮಕ್ಕಳು ಸಾಧಾರಣ ಇರಬಹುದು. ತಾಯಿಯರನ್ನು ಮಾತ್ರ ನೋಡಿದ್ದರೆ ಎರಡೂ ಸಮ ಅನಿಸುತ್ತಿತ್ತು.

ನೀವು ಗೊತ್ತಿಲ್ಲದೆಯೇ ಹನ್ನೊಂದು ವರ್ಷ ಈ ಪರೀಕ್ಷೆಯನ್ನೇ ಮಾಡಿದ್ದೀರಿ. ನಿಮ್ಮ 24 ಮರ ಸೋತ ಕೆಲಸ ಅಲ್ಲ, ತವರುಮನೆಯ ಮರದ ಬಗ್ಗೆ ಇರುವ ದಾಖಲೆ. ನೀರು ನಿಲ್ಲುವ ಜಾಗದ 4 ಮರ ಬಿಡಿ, ಅವು ಮಣ್ಣಿನ ಕಥೆ ಹೇಳುತ್ತವೆ. ಉಳಿದ 20ರಲ್ಲಿ 9 ಚೆನ್ನಾಗಿವೆ. ಆ 20ರ ಗೊನೆ, ಕಾಯಿ ಎಣಿಸಿ ಸರಾಸರಿ ತೆಗೆಯಿರಿ. ಅದೇ ವಯಸ್ಸಿನ, ಅದೇ ಆರೈಕೆಯ ನಿಮ್ಮ ಬೇರೆ 20 ಮರಗಳನ್ನೂ ಎಣಿಸಿ. ಮೊದಲನೆಯ ಸರಾಸರಿ ಜಾಸ್ತಿ ಇದ್ದರೆ ತವರುಮನೆಯ ಮರ ನಿಜವಾಗಿಯೂ ಒಳ್ಳೆಯದೇ. ಎರಡೂ ಸಮ ಇದ್ದರೆ ಅದು ಒಳ್ಳೆಯ ಜಾಗದಲ್ಲಿದ್ದ ಸಾಧಾರಣ ಮರ. ಒಂದು ವರ್ಷದ ಎಣಿಕೆ ಸಾಲದು. ಕೊಳೆರೋಗ ಬಂದ ವರ್ಷ, ಬರ ಬಂದ ವರ್ಷ ಲೆಕ್ಕ ತಪ್ಪಿಸುತ್ತವೆ. ಮೂರು ನಾಲ್ಕು ವರ್ಷ ಮರಕ್ಕೆ ನಂಬರು ಬರೆದು ಒಂದು ಪುಸ್ತಕದಲ್ಲಿ ಇಡಿ. ಅಣ್ಣನ ಮಗನಿಗೆ ಈ ಕೆಲಸ ಒಪ್ಪಿಸಿ. ಪಾಠದ ಎರಡು ಪದ ಅವನಿಗೆ ಆಗ ಮರೆಯುವುದೇ ಇಲ್ಲ.

ಬೀಜಕ್ಕೆ ಆ 9ರಲ್ಲಿ ಎಲ್ಲವನ್ನೂ ತೆಗೆದುಕೊಳ್ಳಬೇಡಿ. ಪ್ರತಿ ವರ್ಷ ತಪ್ಪದೆ ಫಸಲು ಕೊಟ್ಟ, ಹಿಂಗಾರದಲ್ಲಿ ಬಂದ ಹೆಣ್ಣು ಹೂಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಕಾಯಿ ಕಚ್ಚುವ, ತಲೆ ತುಂಬ ಸೋಗೆ ಇರುವ ಎರಡು ಮೂರು ಮರ ಸಾಕು. ಅವು ಒಳ್ಳೆ ಮರಗಳ ನಡುವೆ ಇದ್ದರೆ ಇನ್ನೂ ಒಳ್ಳೆಯದು. ತಂದೆ ಯಾರೆಂದು ಗೊತ್ತಾಗದಿದ್ದರೂ ಅಕ್ಕಪಕ್ಕದವರೇ ಆಗಿರುವ ಸಂಭವ ಜಾಸ್ತಿ, ಅಲ್ವಾ? ಬೇಲಿಯ ಬದಿಯ ಮರ ಬಿಡಿ. ಪೂರ್ತಿ ಹಣ್ಣಾದ, 35 ಗ್ರಾಂಗಿಂತ ಜಾಸ್ತಿ ತೂಗುವ ಅಡಿಕೆ ತೆಗೆಯಿರಿ. ನೀರಿಗೆ ಹಾಕಿದಾಗ ತೊಟ್ಟಿನ ಕಡೆ ಮೇಲೆ ಮಾಡಿ ನೆಟ್ಟಗೆ ತೇಲುವುದನ್ನು ಆರಿಸಿ, ಅವುಗಳಿಂದ ಸಸಿ ಗಟ್ಟಿಯಾಗಿ ಬರುತ್ತದೆ. ಒಂದು ನೆನಪಿಡಿ. ಅಡಿಕೆಯ ತೂಕ ನೋಡುವುದು ತಾಯಿ ಕಟ್ಟಿಕೊಟ್ಟ ಬುತ್ತಿ ಎಷ್ಟಿದೆ ಎಂದು ತಿಳಿಯಲು. ಸಸಿಗೆ ಒಳ್ಳೆಯ ಶುರು ಸಿಗುತ್ತದೆ. ಮುಂದೆ ಫಸಲು ಎಷ್ಟು ಎಂಬುದು ಆ ತೂಕದಲ್ಲಿ ಇಲ್ಲ.

ಮಗುವಿನ ಸ್ವಂತ ರೂಪ ಮೊದಲು ಕಾಣುವುದು ಸಸಿಯಲ್ಲಿ. ಅಲ್ಲಿ ಕೈಬಿಗಿ ಬೇಡ, ಬೇಕಾದದ್ದಕ್ಕಿಂತ ಜಾಸ್ತಿ ಸಸಿ ಮಾಡಿ, ಕೊನೆಗೆ ಆರಿಸಿ. ಒಂದರಿಂದ ಒಂದೂವರೆ ವರ್ಷದ ಸಸಿಗೆ ಒಂದು ಸುಲಭ ಲೆಕ್ಕ ಇದೆ. ಎಲೆಯ ಸಂಖ್ಯೆಯನ್ನು 40ರಿಂದ ಗುಣಿಸಿ, ಅದರಿಂದ ಸಸಿಯ ಎತ್ತರವನ್ನು ಸೆಂಟಿಮೀಟರಿನಲ್ಲಿ ಕಳೆಯಿರಿ. 6 ಎಲೆ, 90 ಸೆಂಟಿಮೀಟರ್ ಇದ್ದರೆ 240ರಲ್ಲಿ 90 ಹೋಗಿ 150. 5 ಎಲೆ, 120 ಸೆಂಟಿಮೀಟರ್ ಇದ್ದರೆ 200ರಲ್ಲಿ 120 ಹೋಗಿ 80. ಹೆಚ್ಚು ಬಂದ ಸಸಿ ನೆಡಿ. ನರ್ಸರಿಯಲ್ಲಿ ಜನ ಕೈಹಾಕುವುದು ಆ ಉದ್ದದ 80ರ ಸಸಿಗೆ. ಒತ್ತಾಗಿ ಇಟ್ಟು ನೆರಳಿನಲ್ಲಿ ಬೆಳೆಸಿದರೆ ಯಾವ ಸಸಿಯೂ ಉದ್ದ ಎಳೆಯುತ್ತದೆ. ಹೋಲಿಸುವ ಸಸಿಗಳೆಲ್ಲ ಒಂದೇ ಮಡಿಯಲ್ಲಿ, ಒಂದೇ ಬೆಳಕಿನಲ್ಲಿ ಬೆಳೆದಿರಬೇಕು. ಇಲ್ಲದಿದ್ದರೆ ನೀವು ಅಳೆಯುವುದು ನೆರಳನ್ನು.

ಕೊನೆಗೆ ಆ 7 ಮರ. ಕೆಳಗಿನ ಮೂಲೆಯ 4ನ್ನು ಈಗ ಕಡಿಯಬೇಡಿ. ಅವುಗಳ ಬರಹ ಹೇಗಿದೆ ಎಂದು ತೋರಿಸಲು ಅವಕ್ಕೆ ಅವಕಾಶವೇ ಸಿಕ್ಕಿಲ್ಲ. ಕಣಿಯನ್ನು ಸಸಿ ನೆಟ್ಟ ಆಳಕ್ಕಿಂತ ಒಂದು ಅಡಿಯಾದರೂ ಕೆಳಗೆ ತೋಡಿ, ನೀರು ಹೊರಗೆ ಹೋಗಲು ದಾರಿ ಮಾಡಿ. ಮುಂದಿನ ವರ್ಷವೇ ಫಲ ಕಾಣುವುದಿಲ್ಲ, ಯಾಕೆಂದರೆ ಹಿಂಗಾರ ಹೊರಗೆ ಬರುವ ಎಷ್ಟೋ ಮೊದಲೇ ಮರದ ಒಳಗೆ ಶುರುವಾಗಿರುತ್ತದೆ. ಮೂರು ಫಸಲು ಕಾಯಿರಿ. ಉಳಿದ 3 ಮರ ಒಳ್ಳೆ ಮರಗಳ ನಡುವೆಯೇ ಇವೆ, ಅದೇ ನೀರು, ಅದೇ ಗೊಬ್ಬರ ತಿಂದಿವೆ. ಬುಡ ಬಿಡಿಸಿ ಬೇರುಹುಳ ಇದೆಯಾ ನೋಡಿ. ಸೋಗೆ ತುದಿಯಿಂದ ಹಳದಿಯಾಗುತ್ತಿದೆಯಾ ಗಮನಿಸಿ, ಹಳದಿ ಎಲೆ ರೋಗ ಇದ್ದರೆ ಅದು ಬೇರೆಯೇ ವಿಷಯ. ಈ ಎರಡೂ ಇಲ್ಲದಿದ್ದರೆ ಅವುಗಳ ಬರಹದಲ್ಲೇ ಫಸಲು ಕಡಿಮೆ. ಇನ್ನಷ್ಟು ಗೊಬ್ಬರ ಸುರಿಯುವುದು ದುಡ್ಡು ದಂಡ. ಈ ಮಳೆಗಾಲದಲ್ಲೇ ಪಕ್ಕದಲ್ಲಿ ಹೊಸ ಸಸಿ ಇಡಿ, ಸಸಿ ಬೇರು ಹಿಡಿದ ಮೇಲೆ ಹಳೆಯದನ್ನು ತೆಗೆಯಿರಿ. ಅಲ್ಲಿಯವರೆಗೆ ಅವು ಹಿಂಗಾರ ಬಿಟ್ಟರೆ ಗಂಡು ಹೂ ಅರಳುವ ಮೊದಲೇ ಕತ್ತರಿಸಿಬಿಡಿ. ನೀವು ಬೀಜಕ್ಕೆ ಇಟ್ಟ ಮರಗಳಿಗೆ ಅವುಗಳ ಪರಾಗ ಹೋಗುವುದು ಬೇಡ.